ಕೇಳಿದ ಮಾತಿಗೂ ಖಾತೆ ಬರೆದೆ

"ಒಂದ್ ಕಿವಿ ಅಮೆರಿಕದಲ್ಲಿ, ಇನ್ನೊಂದ್ ಕಿವಿ ಮಂಡ್ಯದಲ್ಲಿ. ನಿಮ್ಮ ಕೆಲ್ಸ ನೆಟ್ಗಾದಂಗೇಯ ಬುಡಿ ಭಾವ" ಅಂತ ನನ್ನ ಭಾಮೈದ ವರ್ಷಗಟ್ಟಲೆ ಆಡಿಕೊಂಡ. ಕೆಲಸ ಮಾಡ್ತಾ ನಾನು ಹೊರದೇಶದ ಟೆಕ್ ಪಾಡ್‌ಕಾಸ್ಟ್ (ಫೋನಿನಲ್ಲಿ ಕೇಳೋ ರೇಡಿಯೊ ಥರದ ಮಾತಿನ ಕಾರ್ಯಕ್ರಮ) ಕೇಳೋದಕ್ಕೆ ಆ ಮಾತು. ಅವನದೂ ಮದ್ದೂರಿನಲ್ಲಿ ನನ್ನ ಹಾಗೇ ಕಂಪ್ಯೂಟರ್ ರಿಪೇರಿ ಅಂಗಡಿ. 2025ರ ಡಿಸೆಂಬರ್‌ನಲ್ಲಿ ಅವನೇ ಫೋನ್ ಮಾಡಿ, "ಎಂಟ್ ಜೀಬಿ ರ‍್ಯಾಮ್ ಹಳೇ ರೇಟಲ್ಲಿ ಒಂದ್ ನಾಕು ಐತಾ ಭಾವ?" ಅಂದ. ಕಂಪ್ಯೂಟರಿಗೆ ಹಾಕೋ ಮೆಮೊರಿ ಸ್ಟಿಕ್ ಅದು. ಇತ್ತು. ಕೊಟ್ಟೆ, ಹಳೇ ರೇಟಿಗಲ್ಲ.

ಪಾಡ್‌ಕಾಸ್ಟ್ ಕೇಳಲು ಆಪ್ ಹಾಕಿಕೊಳ್ಳೋದು ಹೇಗೆ ಅಂತೆಲ್ಲ ಹೇಳಲು ಹೋಗೋದಿಲ್ಲ. ಸರ್ವಿಸ್ ಲೈನಿನಲ್ಲಿ ಇರೋರಿಗೆ ಅದೆಲ್ಲ ಗೊತ್ತಿರುತ್ತೆ. ಟೆಕ್ ಸುದ್ದಿ ಹೇಳೋರು ಸಾವಿರ ಜನ ಇರುವಾಗ ಯಾರ ಮಾತು ನಂಬಿ ದುಡ್ಡು ಹಾಕೋದು ಅನ್ನೋದನ್ನು ಹೇಗೆ ಕಂಡುಕೊಂಡೆ ಅನ್ನೋದಷ್ಟೇ ಇಲ್ಲಿನ ವಿಷಯ.

ಮೊದಲು ಕೈ ಸುಟ್ಟುಕೊಂಡ ಕತೆ. 2022ರ ಶುರುವಿನಲ್ಲಿ ಒಬ್ಬ ಯೂಟ್ಯೂಬರ್ ಮಾತು ಕೇಳಿ ಮೂರು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದೆ, ಇಥೀರಿಯಂ ಅನ್ನೋ ಕ್ರಿಪ್ಟೊ ನಾಣ್ಯದ ಮೈನಿಂಗ್ (ಕಾರ್ಡಿನ ಕೈಲಿ ಲೆಕ್ಕ ಮಾಡಿಸಿ ನಾಣ್ಯ ಗಳಿಸೋದು) ಮಾಡಿಸೋಣ ಅಂತ. ಹೆಸರು ಬೇಡ. ಮೈನಿಂಗೇ ಬೇಡವಾಗಿಸೋ ‘ಮರ್ಜ್’ ಅನ್ನೋ ಬದಲಾವಣೆ ಬರುತ್ತೆ ಅಂತ ಆಗ ಮಾತಿತ್ತು. "ಮರ್ಜ್ ಗಿರ್ಜ್ ಎಲ್ಲ ಬರೀ ಮಾತು, ಇನ್ನೆರಡು ವರ್ಷ ಮುಂದಕ್ಕೆ ಹೋಗುತ್ತೆ" ಅಂತ ಆತ ಎದೆ ತಟ್ಟಿ ಹೇಳಿದ್ದ. ಆ ವರ್ಷ ಸೆಪ್ಟೆಂಬರ್ 15ಕ್ಕೆ ಮರ್ಜ್ ಆಗೇ ಹೋಯಿತು, ಇಥೀರಿಯಂನಲ್ಲಿ ಮೈನಿಂಗ್ ಅನ್ನೋದೇ ನಿಂತಿತು. ಕಾರ್ಡುಗಳನ್ನು ಸಿಕ್ಕಿದ ರೇಟಿಗೆ ಮಾರಿದೆ. ಕರೆಂಟ್ ಬಿಲ್ಲೂ ಸೇರಿ ನಲವತ್ತು ಸಾವಿರದ ಆಸುಪಾಸು ಹೋಯಿತು. ಆಮೇಲೆ ಆತನ ಚಾನೆಲ್ ನೋಡಿದರೆ ಆ ವಿಡಿಯೊನೇ ಇಲ್ಲ! ದುಡ್ಡು ಹೋಗಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಉರಿಸಿತು.

ದಾರಿ ಸಿಕ್ಕಿದ್ದು ಬೆಲ್ಲದ ಮಂಡಿಯಲ್ಲಿ. ಎಪಿಎಂಸಿಯಲ್ಲಿ ಒಬ್ಬರು ಸಾವ್ಕಾರರ ಕಂಪ್ಯೂಟರ್ ನನ್ನ ಎಎಂಸಿಯಲ್ಲಿದೆ (ವರ್ಷದ ರಿಪೇರಿ ಒಪ್ಪಂದ). ಅಲ್ಲಿನ ಕೀಬೋರ್ಡ್ ಬಿಚ್ಚಿದವರಿಗೆ ಗೊತ್ತು: ಎಂಟರ್ ಕೀ ಕೆಳಗೆ ಬೆಲ್ಲದ ಅಂಟು, ಅದರಲ್ಲಿ ಸಾಲುಗಟ್ಟಿ ಸತ್ತ ಕೆಂಪಿರುವೆ. ಒಂದೊಂದೇ ಕೀ ಕಿತ್ತು, ಬಿಸಿನೀರಿನ ಬಟ್ಟೇಲಿ ಒರೆಸಿ, ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಇರುವೆ ಗುಡಿಸ್ತಾ ಕೂತಿದ್ದೆ. ಸಾವ್ಕಾರರು ಪಕ್ಕದಲ್ಲಿ ಉದ್ದನೆ ಖಾತೆ ಪುಸ್ತಕ ತೆಗೆದು ಬರೀತಿದ್ದರು. ಕಂಪ್ಯೂಟರ್ ಇದ್ದೂ ಇದ್ಯಾಕೆ ಅಂದೆ. "ಕಂಪ್ಯೂಟರ್‌ನಾಗೆ ಇರದು ತಂದ ಬೆಲ್ಲದ ಲೆಕ್ಕ ಕಣ್ ಮಗ. ಇದು ತತ್ತೀನಿ ಅಂದ ಬೆಲ್ಲದ ಲೆಕ್ಕ" ಅಂದರು. ಎಡಗಡೆ ಆಲೆಮನೆಯವನು ಬಾಯಲ್ಲಿ ಹೇಳಿದ ಕ್ವಿಂಟಲ್, ಬಲಗಡೆ ಗಾಡಿಯಿಂದ ಇಳಿದ ಕ್ವಿಂಟಲ್. ಹತ್ತು ಅಂದು ಆರು ತಂದವನಿಗೆ ಮುಂದಿನ ಸಲ ಅಡ್ವಾನ್ಸ್ ಅಷ್ಟಕ್ಕೇ.

ಅವತ್ತೇ ಸಂಜೆ ಅಂಥದ್ದೇ ಒಂದು ಪುಸ್ತಕ ತಂದೆ, ನೂರಾ ಇಪ್ಪತ್ತೋ ಮೂವತ್ತೋ ರೂಪಾಯಿ. ಒಬ್ಬೊಬ್ಬರಿಗೆ ಒಂದೊಂದು ಖಾತೆ. ಎಡಗಡೆ ಅವರು ಹೇಳಿದ್ದು ಮತ್ತು ತಾರೀಖು, ಬಲಗಡೆ ಆಮೇಲೆ ಆಗಿದ್ದು. ಸಾವ್ಕಾರರ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಕಾಲಂ ನಾನು ಸೇರಿಸಿದೆ: ತಪ್ಪಾದಾಗ ಒಪ್ಪಿಕೊಂಡರಾ? ನನ್ನ ಅನುಭವದಲ್ಲಿ ಈ ಮೂರನೇ ಕಾಲಂ ಮೊದಲೆರಡಕ್ಕಿಂತ ಬೆಲೆಬಾಳುತ್ತೆ. ಶುರುವಿನಲ್ಲಿ ಹದಿನೆಂಟೋ ಹತ್ತೊಂಬತ್ತೋ ಖಾತೆ ಇದ್ದವು. ಒಂದೂವರೆ ವರ್ಷಕ್ಕೆ ನಾಲ್ಕೂವರೆಗೆ ಇಳಿದವು.

ಇಂಗ್ಲಿಷ್ ವಿಷಯವನ್ನೂ ಹೇಳಿಬಿಡ್ತೀನಿ, ತುಂಬಾ ಹುಡುಗರು ಅದಕ್ಕೇ ಹೆದರ್ತಾರೆ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಅಮೆರಿಕದವರು ಮಾತಾಡಿದರೆ ಮೊದಮೊದಲು ಕಿವಿಗೆ ಹುರುಳಿ ಹುರಿದ ಹಾಗೆ ಕೇಳೋದು. ನನ್ನನ್ನು ದಡ ಹತ್ತಿಸಿದ್ದು ‘ಸೆಕ್ಯುರಿಟಿ ನೌ’ ಅನ್ನೋ ಕಂಪ್ಯೂಟರ್ ಸುರಕ್ಷತೆಯ ಪಾಡ್‌ಕಾಸ್ಟ್. ಅದನ್ನು ನಡೆಸೋ ಸ್ಟೀವ್ ಗಿಬ್ಸನ್ ಅಂದರೆ ಹಳೇ ಹಾರ್ಡ್‌ಡಿಸ್ಕ್ ಎಬ್ಬಿಸ್ತಿದ್ದ ಸ್ಪಿನ್‌ರೈಟ್ ಸಾಫ್ಟ್‌ವೇರ್ ಮಾಡಿದವರು, ನಮ್ಮ ಲೈನಿನವರಿಗೆ ಪರಿಚಯ ಬೇಡ. ಲಿಯೋ ಲಪೋರ್ಟ್ ಜೊತೆ 2005ರಿಂದ ವಾರ ವಾರ ನಡೆಸ್ತಿದ್ದಾರೆ. ಎರಡು ಗಂಟೆ, ಕೆಲವು ಸಲ ಅದಕ್ಕೂ ಹೆಚ್ಚು. ಆದರೆ ಗಿಬ್ಸನ್ ತಮ್ಮ ಸೈಟಿನಲ್ಲಿ ಪ್ರತಿ ಸಂಚಿಕೆಯ ಮಾತನ್ನೂ ಅಕ್ಷರಶಃ ಬರೆಸಿ ಹಾಕ್ತಾರೆ. ಅದನ್ನು ಪ್ರಿಂಟ್ ತೆಗೆದು, ಬೆರಳಿಟ್ಟು ಓದ್ತಾ, 0.8 ವೇಗದಲ್ಲಿ ಕೇಳಿದೆ. ಮೂರು ತಿಂಗಳಿಗೆ ಪ್ರಿಂಟ್ ಬಿಟ್ಟೆ. ಈಗ 1.4ರಲ್ಲಿ ಓಡಿಸ್ತೀನಿ, ಲಿಯೋ ಜಾಹೀರಾತು ಓದುವಾಗ ಮುಂದಕ್ಕೆ ಎಗರಿಸ್ತೀನಿ.

ಗಿಬ್ಸನ್ ಖಾತೇಲಿ ತಪ್ಪುಗಳೂ ಇವೆ. ಆದರೆ ಕೇಳುಗರು ತಿದ್ದಿ ಬರೆದ ಪತ್ರಗಳನ್ನು ಶೋನಲ್ಲೇ ಓದ್ತಾರೆ, ಮೂರನೇ ಕಾಲಂ ಭರ್ತಿ. 999ನೇ ಸಂಚಿಕೆಗೆ ನಿಲ್ಲಿಸ್ತೀನಿ ಅಂತ ಹೇಳ್ಕೊಂಡು ಬಂದವರು ಮನಸ್ಸು ಬದಲಿಸಿ 2024ರಲ್ಲಿ ಸಾವಿರ ದಾಟಿದರು. ಅದನ್ನೂ ‘ತಪ್ಪಿದ ಮಾತು’ ಅಂತಲೇ ಬರೆದೆ. ಮಾತು ತಪ್ಪಿದ್ದಕ್ಕೆ ನಾನು ಖುಷಿಪಟ್ಟಿದ್ದು ಅದೊಂದೇ ಸಲ.

ಎರಡನೇ ಖಾತೆ ಯೊಹಾನೆಸ್ ಉಲ್ರಿಚ್ ಅವರದು, ಕಂಪ್ಯೂಟರ್ ಸುರಕ್ಷತೆ ಕಲಿಸೋ ಸ್ಯಾನ್ಸ್ ಸಂಸ್ಥೆಯ ‘ಸ್ಟಾರ್ಮ್‌ಕ್ಯಾಸ್ಟ್’. ವಾರದ ದಿನಗಳಲ್ಲಿ ದಿನಕ್ಕೊಂದು, ಆರೇಳು ನಿಮಿಷ. ಹರಟೆ ಇಲ್ಲ, ನಗು ಇಲ್ಲ, ಇವತ್ತು ಯಾವುದರಲ್ಲಿ ತೂತು ಬಿದ್ದಿದೆ ಅಂತ ಹೇಳಿ ಮುಗಿಸ್ತಾರೆ. ಅಂಗಡಿ ಶಟರ್ ಎತ್ತಿ, ಕಸ ಗುಡಿಸಿ, ಫೋಟೊಗೆ ಊದುಬತ್ತಿ ಹಚ್ಚೋ ಹೊತ್ತಿಗೆ ಸಂಚಿಕೆ ಮುಗಿದಿರುತ್ತೆ. ಮೂರನೆಯದು ಆಸ್ಟ್ರೇಲಿಯಾದ ಪ್ಯಾಟ್ರಿಕ್ ಗ್ರೇ ನಡೆಸೋ ‘ರಿಸ್ಕಿ ಬಿಸಿನೆಸ್’, ಅದೂ ಸುರಕ್ಷತೆಯದೇ, ಬಾಯಿ ಸ್ವಲ್ಪ ಜೋರು, ತಲೆ ಇನ್ನೂ ಜೋರು. ಅರ್ಧ ಖಾತೆ ನ್ಯೂಯಾರ್ಕ್ ಟೈಮ್ಸ್‌ನ ‘ಹಾರ್ಡ್ ಫೋರ್ಕ್’ಗೆ. ಕೆವಿನ್ ರೂಸ್, ಕೇಸಿ ನ್ಯೂಟನ್ ಇಬ್ಬರೂ ಎಐ ಬಗ್ಗೆ ಚೆನ್ನಾಗಿ ತಿಳಿಸ್ತಾರೆ, ಆದರೆ ತಮ್ಮ ಜೋಕಿಗೆ ತಾವೇ ನಗೋದು ಜಾಸ್ತಿ, ಹಾಗಾಗಿ ಅರ್ಧಕ್ಕೇ ಬಿಡ್ತೀನಿ. ನಾಲ್ಕನೇ ಖಾತೆ ಯಾರದು ಅಂತ ಹೇಳಲ್ಲ. ಚಿಪ್ಪು, ಮೆಮೊರಿ ಮಾರ್ಕೆಟ್ಟಿನ ಬಗ್ಗೆ ಮಾತಾಡೋರು, ಕೇಳುಗರು ಕಮ್ಮಿ. ಅದು ನನ್ನ ಅನ್ನ.

ಬಿಟ್ಟವರಲ್ಲಿ ಕೆಲವರನ್ನು ಬೇಜಾರಿನಿಂದಲೇ ಬಿಟ್ಟೆ. ಆ್ಯಪಲ್ ಬಗ್ಗೆ ಹೆಚ್ಚು ಮಾತಾಡೋ ‘ಆಕ್ಸಿಡೆಂಟಲ್ ಟೆಕ್ ಪಾಡ್‌ಕಾಸ್ಟ್’ನ ಮೂವರು, ಅದರಲ್ಲೂ ಜಾನ್ ಸಿರಾಕ್ಯೂಸಾ ಮಾತು ಕೇಳೋಕೆ ಸೊಗಸು. ಆದರೆ ಮಂಡ್ಯದಲ್ಲಿ ನನ್ನ ಟೇಬಲ್ಲಿಗೆ ಮ್ಯಾಕ್ ಬರೋದು ವರ್ಷಕ್ಕೆ ಐದೋ ಆರೋ. ಟೆಕ್ ಕಂಪನಿಗಳ ವ್ಯಾಪಾರದ ಬಗ್ಗೆ ಹೇಳೋ ಬೆನ್ ಥಾಮ್ಸನ್ ಅವರ ‘ಸ್ಟ್ರಾಟೆಕರಿ’ಯಲ್ಲಿ ಪೂರಾ ಕೇಳಬೇಕಾದರೆ ತಿಂಗಳಿಗೆ ಡಾಲರ್ ಕಟ್ಟಬೇಕು, ಆ ದುಡ್ಡಿಗೆ ಒಂದು ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಬರುತ್ತೆ. ಉಚಿತವಾಗಿ ಬಿಡೋ ಲೇಖನ ಓದ್ತೀನಿ, ಅಷ್ಟೇ.

ಕನ್ನಡದಲ್ಲಿ? ಕೇಳೋದು ಕಮ್ಮಿ, ಓದೋದು ಇದೆ. ಟಿ. ಜಿ. ಶ್ರೀನಿಧಿ, ಯು. ಬಿ. ಪವನಜ ಇವರ ಬರಹಗಳಿಂದ ನಾನು ಕಲಿತಿದ್ದು ಗಿರಾಕಿಗೆ ಹೇಳೋ ಭಾಷೆ. ‘ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್’ 2019ರಲ್ಲಿ ಶುರುವಾದಾಗ, ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡಿದರೂ ಜನ ಕೇಳ್ತಾರೆ ಅನ್ನೋದು ಗೊತ್ತಾಯಿತು, ಆದರೆ ಅದು ಬರೀ ಟೆಕ್ ಅಲ್ಲ. ಕೆಲಸ ಮಾಡ್ತಾ ಕೇಳೋ ಚಾಳಿ ನಮ್ಮಪ್ಪನದು. ಗದ್ದೆ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟು ಮೈಸೂರು ಸ್ಟೇಷನ್ ಹಾಕಿಕೊಂಡು ಕಳೆ ಕೀಳೋರು. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಮೈಸೂರಿನ ತಮ್ಮ ಮನೇಲೇ ರೇಡಿಯೊ ಶುರು ಮಾಡಿ ‘ಆಕಾಶವಾಣಿ’ ಅಂತ ಕರೆದರಲ್ಲ, ಇವತ್ತಿನ ಪಾಡ್‌ಕಾಸ್ಟಿನವರು ಬೆಡ್‌ರೂಮಿನಲ್ಲಿ ಮೈಕ್ ಇಟ್ಟುಕೊಳ್ಳೋದು ಕಂಡಾಗೆಲ್ಲ ಅದೇ ನೆನಪಾಗುತ್ತೆ.

ಈಗ ದುಡ್ಡಿನ ವಿಷಯ. ವಿಂಡೋಸ್ 10ರ ಅಪ್‌ಡೇಟಿಗೆ 2025ರ ಅಕ್ಟೋಬರ್ 14 ಕೊನೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ವಿಂಡೋಸ್ 11 ಕೇಳೋ ಟಿಪಿಎಂ ಅನ್ನೋ ಸೆಕ್ಯುರಿಟಿ ಚಿಪ್ಪು ಇಲ್ಲದ ಹಳೇ ಮಷೀನ್‌ಗಳಿಗೆ ನಮ್ಮ ರಸ್ತೆಯವರೆಲ್ಲ "ಎಸೀರಿ, ಹೊಸದು ತಗೊಳ್ಳಿ" ಅಂತಿದ್ದರು. ಜೂನ್ ಕೊನೇಲಿ ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ದುಡ್ಡಿಲ್ಲದೇ ಸಿಗೋ ದಾರಿ ಬಿಟ್ಟಿತು, ಅಕೌಂಟಿನಲ್ಲಿ ಸೈನ್‌ಇನ್ ಆಗಿ ಬ್ಯಾಕಪ್ ಸಿಂಕ್ ಮಾಡಿದರೆ ಸಾಕು. ಅದನ್ನು ಕೇಳಿಸಿಕೊಂಡು ಮಾರನೇ ವಾರದ ಹೊತ್ತಿಗೆ ನಾನು ಬೋರ್ಡ್ ಬರೆಸಿ ಹಾಕಿದ್ದೆ. ಒಂದಕ್ಕೆ ಮುನ್ನೂರು ರೂಪಾಯಿ, ಅರವತ್ತು ಚಿಲ್ಲರೆ ಮಷೀನ್ ಮಾಡಿಕೊಟ್ಟೆ. ದುಡ್ಡಿಗಿಂತ, "ಹೊಸದು ಬೇಡ ಅಂದ ಪುಣ್ಯಾತ್ಮ" ಅಂತ ಹೆಸರು ಬಂತು.

ದೊಡ್ಡದು ರ‍್ಯಾಮ್‌ದು. ದೊಡ್ಡ ಕಂಪನಿಗಳು ಹಳೇ ಮಷೀನ್‌ಗಳಿಗೆ ಹಾಕೋ ಡಿಡಿಆರ್4 ಮೆಮೊರಿ ಕಮ್ಮಿ ಮಾಡಿ ಎಐ ಸರ್ವರ್ ಮೆಮೊರಿ ಕಡೆ ವಾಲ್ತಿವೆ ಅಂತ ನಾಲ್ಕನೇ ಖಾತೆಯವರು 2025ರ ಮಧ್ಯದಿಂದ ಹೇಳ್ತಾನೇ ಇದ್ದರು. ಖಾತೆ ತಿರುವಿ ನೋಡಿದೆ: ಹನ್ನೊಂದರಲ್ಲಿ ಎಂಟು ಸರಿ, ತಪ್ಪಿದ ಮೂರನ್ನೂ ಒಪ್ಪಿದ್ದಾರೆ. ಆಗಸ್ಟ್‌ನಲ್ಲಿ ಚೀಟಿ ಕೂಗಿ ಎತ್ತಿದೆ, ಆರು ಸಾವಿರ ತಳ್ಳಿ. ನಮ್ಮನೆಯವಳು ಎರಡು ದಿನ ಮಾತು ಬಿಟ್ಟಳು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎಂಟು ಜಿಬಿಯ ನಲವತ್ತು ಸ್ಟಿಕ್ ತಂದೆ, ಒಂದಕ್ಕೆ ಸಾವಿರದ ಏಳ್ನೂರರ ಹಾಗೆ. ಭಾಮೈದ ನಕ್ಕಿದ್ದು ಆಗಲೇ.

ಅಕ್ಟೋಬರ್‌ನಲ್ಲಿ ರೇಟು ಸ್ವಲ್ಪ ಏರಿದ್ದೇ ತಡ, ಧೈರ್ಯ ಸಾಲದೆ ಎಂಟು ಸ್ಟಿಕ್ಕನ್ನು ಎರಡು ಸಾವಿರದ ಇನ್ನೂರಕ್ಕೆ ಮಾರಿಬಿಟ್ಟೆ. ಅದು ನನ್ನ ದಡ್ಡತನ, ಖಾತೆಯವರದಲ್ಲ. ಡಿಸೆಂಬರ್ ಮೊದಲ ವಾರ ಮೈಕ್ರಾನ್ ಕಂಪನಿ ಗಿರಾಕಿಗಳಿಗೆ ಮಾರೋ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂದಿತು. ಅಷ್ಟೊತ್ತಿಗೆ ಮಾರ್ಕೆಟ್ಟಿನಲ್ಲಿ ಬೆಲೆ ದುಪ್ಪಟ್ಟಾಗಿತ್ತು. ಎರಡು ಸ್ಟಿಕ್ ಸತ್ತಿದ್ದವು, ಮಿಕ್ಕ ಮೂವತ್ತು ಮೂರೂವರೆ ಸಾವಿರದ ಆಜುಬಾಜಿನಲ್ಲಿ ಹೋದವು. ಚೀಟಿ ನಷ್ಟ ಕಳೆದು ಕೈಯಲ್ಲಿ ಉಳಿದಿದ್ದು ಐವತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ಗ್ರಾಫಿಕ್ಸ್ ಕಾರ್ಡಿನ ಸಾಲ ತೀರಿತು ಅಂದ್ಕೊಂಡೆ.

ಎಲ್ಲ ಸಲ ಹೀಗಾಗಿಲ್ಲ. 2024ರ ಜುಲೈ 19, ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್‌ಡೇಟಿನಿಂದ ಪ್ರಪಂಚದಲ್ಲಿ 85 ಲಕ್ಷ ವಿಂಡೋಸ್ ಮಷೀನ್ ನೀಲಿ ಪರದೆಗೆ ಬಿದ್ದ ದಿನ. ಅವತ್ತೇ ಮಧ್ಯಾಹ್ನ ಪಾಂಡವಪುರದ ಒಬ್ಬ ಗಿರಾಕಿ "ನಂದೂ ನೀಲಿ ಆಯ್ತು ಸಾ" ಅಂತ ಫೋನ್ ಮಾಡಿದರು. ಪಾಡ್‌ಕಾಸ್ಟ್‌ನಲ್ಲಿ ಇನ್ನೂ ಯಾರೂ ಬಾಯಿ ಬಿಟ್ಟಿರಲಿಲ್ಲ, ಟಿವಿ ನೋಡಿಕೊಂಡು ಓಡಿದೆ. ಸೇಫ್ ಮೋಡಿಗೆ ಹೋಗಿ ತೊಂದರೆ ಕೊಟ್ಟ, ಹೆಸರಲ್ಲಿ 291 ಇರೋ ಆ ಫೈಲ್ ಹುಡುಕಿದೆ ಹುಡುಕಿದೆ, ಇಲ್ಲ. ಇರೋದಾದರೂ ಹೇಗೆ, ಅದು ದೊಡ್ಡ ಕಂಪನಿಗಳು ಕಾಸು ಕೊಟ್ಟು ಹಾಕಿಸೋ ಸಾಫ್ಟ್‌ವೇರ್! ಕೊನೆಗೆ ನೋಡಿದರೆ ರ‍್ಯಾಮ್ ಸ್ಲಾಟಿನಲ್ಲಿ ಧೂಳು. ರಬ್ಬರಿನಲ್ಲಿ ಉಜ್ಜಿ ಹಾಕಿದೆ, ಎದ್ದಿತು. ಅರ್ಧ ದಿನ, ಪೆಟ್ರೋಲು ದಂಡ, ದುಡ್ಡು ಕೇಳೋಕೆ ನಾಚಿಕೆ. ಪಾಡ್‌ಕಾಸ್ಟ್ ಅದೇ ದಿನದ ಸುದ್ದಿಗೆ ಆಗಿಬರಲ್ಲ.

ಇನ್ನೊಂದು ಪೆಟ್ಟು ಬೈಕಿನಲ್ಲಿ. ಎಂಟುನೂರು ರೂಪಾಯಿ ನೆಕ್‌ಬ್ಯಾಂಡ್ ಹಾಕಿಕೊಂಡು ಕೆ. ಎಂ. ದೊಡ್ಡಿ ಕಡೆ ಹೋಗ್ತಿದ್ದೆ, ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದಿದ್ದು ಕೇಳಲೇ ಇಲ್ಲ. ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬು ಹೆಗಲು ಸವರಿ ಅಂಗಿ ಹರಿದುಕೊಂಡು ಹೋಯಿತು. ಅವತ್ತಿಗೆ ಬೈಕಿನಲ್ಲಿ ಕೇಳೋದು ಬಂದ್. ಈಗ ವಿಂಡೋಸ್ ಇನ್‌ಸ್ಟಾಲ್ ಆಗೋ ಹೊತ್ತು, ಡೇಟಾ ಕಾಪಿ ಆಗೋ ಹೊತ್ತು, ಮೈಸೂರಿಗೆ ಹೋಗೋ ರೈಲು, ಇಷ್ಟರಲ್ಲೇ ವಾರದ ಕೋಟಾ ಮುಗಿಯುತ್ತೆ. ಅದಕ್ಕೂ ಮುಂಚೆ ಬಳಸ್ತಿದ್ದ ಆಪನ್ನು ಅದರ ಕಂಪನಿಯೇ ಮುಚ್ಚಿ, ಲಿಸ್ಟ್ ಪೂರಾ ಹೋಗಿತ್ತು. ಈಗ ಆಂಟೆನಾಪಾಡ್, ತಿಂಗಳಿಗೊಮ್ಮೆ ಒಪಿಎಂಎಲ್ (ಪಾಡ್‌ಕಾಸ್ಟ್ ಲಿಸ್ಟಿನ ಫೈಲ್) ಎಕ್ಸ್‌ಪೋರ್ಟ್ ತೆಗೆದು ಪೆನ್‌ಡ್ರೈವಿಗೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕೇಳೋದೇ ಯಾಕೆ, ವಿಸ್ಪರ್ ಅನ್ನೋ ಸಾಫ್ಟ್‌ವೇರ್ ಹಾಕಿ ಬರಹ ಮಾಡಿಸಿ, ಎಐ ಕೈಲಿ ಕನ್ನಡದಲ್ಲಿ ಸಾರಾಂಶ ತೆಗೆಸೋಣ ಅಂತ. ಅಂಗಡಿಯ ನಾಲ್ಕನೇ ಜನರೇಶನ್ ಐ5 ಮೇಲೆ ರಾತ್ರಿ ಒಂಬತ್ತಕ್ಕೆ ಎರಡು ಗಂಟೆಯ ಸಂಚಿಕೆ ಕೊಟ್ಟರೆ ಬೆಳಿಗ್ಗೆ ಬಂದಾಗಲೂ ಫ್ಯಾನ್ ಕಿರುಚ್ತಿತ್ತು. ಸಾರಾಂಶದಲ್ಲಿ ಪ್ಯಾಚ್ ‘ತೇಪೆ’ಯಾಗಿತ್ತು, ಬಗ್ ‘ತಿಗಣೆ’ಯಾಗಿತ್ತು. ಅದನ್ನು ನಕ್ಕು ಬಿಡಬಹುದು. ಬಿಡಲಾಗದ್ದು ಬೇರೆ: ಮಾತಾಡಿದವರು "ನನಗನ್ನಿಸೋ ಪ್ರಕಾರ", "ಇನ್ನೂ ಖಚಿತ ಇಲ್ಲ" ಅಂದಿದ್ದೆಲ್ಲ ಸಾರಾಂಶದಲ್ಲಿ ಮಾಯ. ಎಲ್ಲರೂ ಒಂದೇ ಸಮ ಗಟ್ಟಿಯಾಗಿ ಹೇಳಿದ ಹಾಗೆ ಕಾಣೋದು. ನನ್ನ ಖಾತೆ ನಿಂತಿರೋದೇ ಆ ಅನುಮಾನದ ಮಾತುಗಳ ಮೇಲೆ. ಹದಿನೈದು ದಿನಕ್ಕೆ ಕೈಬಿಟ್ಟೆ. ಪಾಡ್‌ಕಾಸ್ಟನ್ನು ಅಂಗಡಿಯ ಸ್ಪೀಕರಿನಲ್ಲಿ ಹಾಕಿ ಕೆಲಸದ ಹುಡುಗನಿಗೂ ಕೇಳಿಸಿದೆ, ಗಿರಾಕಿಗಳು "ಕ್ರಿಕೆಟ್ ಕಾಮೆಂಟ್ರಿನಾ ಅಣ್ಣ, ಸ್ಕೋರ್ ಎಷ್ಟು?" ಅಂತ ಕೇಳೋಕೆ ಶುರು ಮಾಡಿದ ಮೇಲೆ ನಿಲ್ಲಿಸಿದೆ. ಆದರೆ ಹುಡುಗನಿಗೆ ಒಂದು ಕತೆ ಹತ್ತಿತು: 2024ರಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಕೆದಕಿ ಎಕ್ಸ್‌ಝಡ್ ಅನ್ನೋ ಲಿನಕ್ಸ್ ಸಾಫ್ಟ್‌ವೇರಿನಲ್ಲಿ ಕಳ್ಳತನದಿಂದ ಇಟ್ಟಿದ್ದ ಹಿಂಬಾಗಿಲು ಹಿಡಿದಿದ್ದು. ಈಗ ಯಾವ ಲ್ಯಾಪ್‌ಟಾಪ್ ಸ್ವಲ್ಪ ನಿಧಾನ ಅನ್ನಿಸಿದರೂ ಬಿಡಲ್ಲ, ಹೋದ ತಿಂಗಳು ಸಾಯೋಕೆ ಬಂದಿದ್ದ ಒಂದು ಎಸ್‌ಎಸ್‌ಡಿ ಹಾಗೇ ಹಿಡಿದ.

ಸಂಕ್ರಾಂತಿಗೆ ಬಂದಿದ್ದ ಭಾಮೈದ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದ: "ಭಾವ, ಆ ಪುಸ್ತಕ ಒಂದಿನದ ಮಟ್ಟಿಗೆ ಕೊಡಿ, ಜೆರಾಕ್ಸ್ ಮಾಡಿಸ್ಕತ್ತೀನಿ." ಕೊಟ್ಟಿದ್ದೀನಿ. 2022ರದ್ದು, ಬಿಟ್ಟ ಹದಿನಾಲ್ಕು ಜನರ ಖಾತೆ ಇರೋದು.