ಸಂಕಲ್ಪದಿಂದ ಬೆಳೆಯ ಮಾತನ್ನು ತೆಗೆದ ಮೇಲೆ

ಶಿರಸಿ ಸೀಮೆಯಲ್ಲಿ ಎರಡು ಎಕರೆಗೆ ತುಸು ಕಡಿಮೆ ಅಡಿಕೆ ತೋಟವನ್ನಿಟ್ಟುಕೊಂಡು, ಉಪನಯನವಾದಾಗಿನಿಂದ ತಪ್ಪದೆ ಸಂಧ್ಯಾವಂದನೆ, ದೇವರಪೂಜೆ ಮಾಡಿಕೊಂಡು ಬಂದ ನಾನು ಪ್ರಾರ್ಥನೆ ಮಾಡುವುದನ್ನು ಕಲಿತದ್ದು ಮಾತ್ರ ಈಚಿನ ನಾಲ್ಕೈದು ವರ್ಷಗಳಲ್ಲಿ. ಇದಕ್ಕೆ ವಿಧಿಯಿಲ್ಲ ಎಂದು ಪುರೋಹಿತರು ಹೇಳಿದ್ದರು, ತಲೆಗೆ ಬಿಸಿಲು ಹತ್ತಿರಬೇಕು ಎಂದು ಹೆಂಡತಿ ನಕ್ಕಿದ್ದಳು. ಈಗ ಇಬ್ಬರೂ ಸುಮ್ಮನಾಗಿರುವುದರಿಂದ ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಶರಣಾಗತಿಯ, ಅಂದರೆ ತನ್ನನ್ನು ದೇವರಿಗೆ ಒಪ್ಪಿಸಿಬಿಡುವುದರ, ಆರು ಅಂಗಗಳು, ‘ನನ್ನೊಬ್ಬನನ್ನೇ ಶರಣು ಹೋಗು’ ಎನ್ನುವ ಗೀತೆಯ 18ನೆಯ ಅಧ್ಯಾಯದ 66ನೆಯ ಶ್ಲೋಕ ಇವೆಲ್ಲ ನಿತ್ಯ ಪೂಜೆ ಮಾಡುವವರಿಗೆ ಗೊತ್ತಿರುವುದರಿಂದ ಅವುಗಳ ವಿವರಣೆಗೆ ಹೋಗುವುದಿಲ್ಲ.

ಮೊದಲು ಖರ್ಚಿನ ವಿಷಯ. ಮಳೆಗಾಲದ ಮುಂಚೆ ಮನೆಯಲ್ಲಿ ಗಣಹೋಮ, ಇಡಗುಂಜಿಗೆ ಒಂದು ಸೇವೆ, ಗೋಕರ್ಣದಲ್ಲಿ ರುದ್ರಾಭಿಷೇಕ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಉಡಿಯ ಹರಕೆ, ನಡುವೆ ಯಾರೋ ನಾಗದೋಷವೆಂದರೆ ಆಶ್ಲೇಷಾ ಬಲಿ, ಹೀಗೆ ವರ್ಷಕ್ಕೆ 35ರಿಂದ 40 ಸಾವಿರ ರೂಪಾಯಿ ಹೋಗುತ್ತಿತ್ತು. ಖರ್ಚಾದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ದಿನಗಳ ಲೆಕ್ಕದ ಪುಸ್ತಕವನ್ನು ತೆರೆದರೆ ಎಡಗಡೆ ಹರಕೆ, ಬಲಗಡೆ ಫಲ ಎಂದು ಗೆರೆ ಎಳೆದು ಬರೆದಿಟ್ಟದ್ದು ಈಗಲೂ ಕಾಣುತ್ತದೆ. ಹೋಮದಲ್ಲಿ ಪ್ರತಿ ಆಹುತಿಗೂ ‘ನ ಮಮ’, ಅಂದರೆ ಇದು ನನ್ನದಲ್ಲ, ಎಂದು ಬಾಯಲ್ಲಿ ಹೇಳಿ, ರಾತ್ರಿ ಅದಕ್ಕೇ ರಸೀದಿ ಬರೆದಿಡುತ್ತಿದ್ದವನು ನಾನು.

ಹರಕೆ ಬೇಡವೆಂದು ಜಪಕ್ಕೆ ಇಳಿದೆ. ಗಾಯತ್ರಿಗೆ ಅಕ್ಷರ 24, ಅಕ್ಷರಕ್ಕೊಂದು ಲಕ್ಷದಂತೆ ಪುರಶ್ಚರಣೆಗೆ, ಅಂದರೆ ಮಂತ್ರಜಪದ ಪೂರ್ಣ ವ್ರತಕ್ಕೆ, 24 ಲಕ್ಷ. ದಿನಕ್ಕೆ ಸಾವಿರವಾದರೆ ಆರೂವರೆ ವರ್ಷ. ಬೆರಳಿಗೆ ಹಾಕಿಕೊಳ್ಳುವ ಎಣಿಕೆಯ ಯಂತ್ರವೊಂದನ್ನು ಕೊಂಡೆ. ಮೂರೋ ನಾಲ್ಕೋ ತಿಂಗಳಾದಾಗ, ಮಂತ್ರ ಮುಗಿಯುವ ಮೊದಲೇ ಬೆರಳು ಗುಂಡಿಯನ್ನು ಒತ್ತುತ್ತಿರುವುದು ಗಮನಕ್ಕೆ ಬಂತು. ಯಂತ್ರ ಈಗ ಮೊಮ್ಮಗಳ ಆಟಿಕೆ.

ದೊಡ್ಡ ಪೆಟ್ಟು ಬಿದ್ದದ್ದು 2019ರಲ್ಲಿ. ಒಂದು ಪ್ರವಚನ ಕೇಳಿ ಬಂದ ಹುರುಪಿನಲ್ಲಿ, ಎಲ್ಲವನ್ನೂ ಅವನಿಗೆ ಬಿಟ್ಟುಬಿಡುವುದೇ ಶರಣಾಗತಿ ಎಂದು ತೀರ್ಮಾನಿಸಿಕೊಂಡೆ. ಮಳೆಗಾಲದಲ್ಲಿ ಎಳೆಯ ಅಡಿಕೆಯನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಮೊದಲ ಸುತ್ತಿನ ಮದ್ದು ಜೂನ್ ಆರಂಭದಲ್ಲಿ ಹೇಗೋ ಆಗಿಹೋಗಿತ್ತು. ಎರಡನೆಯ ಸುತ್ತಿಗೆ ಮೈಲುತುತ್ತು, ಸುಣ್ಣ ಎರಡೂ ತಂದಿಟ್ಟಿದ್ದೆ, ಜುಲೈಯಲ್ಲಿ ಎರಡು ಮೂರು ದಿನ ಮಳೆ ನಿಂತು ಹೊಳವೂ ಆಯಿತು, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ತಾನಾಗಿಯೇ ಬಂದು ಅಂಗಳದಲ್ಲಿ ನಿಂತ. ಈ ಸಲ ಬೇಡ, ದೇವರಿಗೆ ಬಿಟ್ಟಿದ್ದೇನೆ ಎಂದು ಅವನನ್ನು ಕಳಿಸಿದೆ. ಆಗಸ್ಟಿನ ಆ ಮಳೆಯನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿರಲಾರರು. ಮಳೆ ನಿಂತ ಮೇಲೆ ತೋಟಕ್ಕಿಳಿದರೆ ಬುಡದ ತುಂಬ ಎಳೆಯ ಕಾಯಿ ಉದುರಿ ಬಿದ್ದಿತ್ತು. ಒಂದೊಂದರ ತೊಟ್ಟಿನ ಕಡೆಯಿಂದಲೂ ಬಿಳಿಯ ಬೂಷ್ಟು ಹತ್ತಿತ್ತು, ಕಾಲಿಟ್ಟಲ್ಲಿ ಜಾರುತ್ತಿತ್ತು. 14 ಕ್ವಿಂಟಾಲ್ ಆಗಬೇಕಿದ್ದ ತೋಟದಲ್ಲಿ ಸಿಕ್ಕಿದ್ದು ಐದು. ಆಗಿನ ರಾಶಿ ಅಡಿಕೆಯ ದರ ಕ್ವಿಂಟಾಲಿಗೆ 35 ಸಾವಿರದ ಆಸುಪಾಸಿನಲ್ಲಿದ್ದುದರಿಂದ ನನ್ನ ಆ ಶರಣಾಗತಿಯ ಬೆಲೆ ಮೂರು ಲಕ್ಷಕ್ಕೂ ಮಿಕ್ಕಿತು. “ಹೆಗಡೇರೇ, ದೇವರು ಮರ ಹತ್ತೂದಿಲ್ಲ, ನಾವೇ ಹತ್ತಬೇಕು” ಎಂದ ಕೊನೆಗಾರನ ಮಾತು ಯಾವ ಪ್ರವಚನಕ್ಕಿಂತಲೂ ಆಳಕ್ಕೆ ಇಳಿಯಿತು.

ಆ ವರ್ಷ ನಾನು ಆಲಸ್ಯವನ್ನು ಮಾತ್ರವಲ್ಲ, ಪರೀಕ್ಷೆಯನ್ನೂ ಅರ್ಪಿಸಿದ್ದೆ ಎಂಬುದು ತಡವಾಗಿ ತಿಳಿಯಿತು. ‘ನಾನು ಬಿಟ್ಟಿದ್ದೇನೆ, ನೀನು ಏನು ಮಾಡುತ್ತೀಯೋ ನೋಡುತ್ತೇನೆ’ ಎಂದು ಕೂತವನು ಏನನ್ನೂ ಬಿಟ್ಟಿರುವುದಿಲ್ಲ. ಶರಣಾಗತನೆಂದರೆ ತಾಯಿಬೆಕ್ಕು ಕಚ್ಚಿ ಒಯ್ಯುವ ಮರಿಯ ಹಾಗೆ ಎಂಬ ದೃಷ್ಟಾಂತವನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಅಟ್ಟದ ಮೇಲೆ ಮರಿ ಹಾಕಿದ ಬೆಕ್ಕು ಅವುಗಳನ್ನು ಕೊಟ್ಟಿಗೆಗೆ ಸಾಗಿಸುವುದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆ. ಬಾಯಲ್ಲಿರುವಷ್ಟು ಹೊತ್ತು ಮರಿ ಕಾಲು ಮುದುರಿ ಜೋತುಬಿದ್ದಿರುತ್ತದೆ, ನಿಜ. ಆದರೆ ಕೆಳಗಿಳಿಸಿದ ಕೂಡಲೇ ಮೊಲೆ ಹುಡುಕಿಕೊಂಡು ತಾನೇ ತೆವಳುತ್ತದೆ. ದೃಷ್ಟಾಂತದ ಈ ಅರ್ಧ ನಾನು ಕೇಳಿದ ಪ್ರವಚನದಲ್ಲಿ ಇರಲಿಲ್ಲ.

ದಾರಿ ಸಿಕ್ಕಿದ್ದು ಕಾರವಾರದಲ್ಲಿ. ನನ್ನ ಹಳೆಯ ಸಹಪಾಠಿಯೊಬ್ಬ ಅಲ್ಲಿ ದೋಣಿಯಿಟ್ಟುಕೊಂಡಿದ್ದಾನೆ. ನೂಲುಹುಣ್ಣಿಮೆಗೆ ಅವನ ಮನೆಗೆ ಹೋದಾಗ ಕಡಲಿಗೆ ತೆಂಗಿನಕಾಯಿ ಅರ್ಪಿಸಲು ನನ್ನನ್ನೂ ಕರೆದುಕೊಂಡು ಹೋದ. ದೋಣಿ, ಬಲೆ, ಸಾಲ ಎಲ್ಲವೂ ಆ ಕಡಲಿನ ಮೇಲೆ ನಿಂತಿರುವ ಮನುಷ್ಯ, ಕಾಯಿ ಎಸೆದು ಕೈಮುಗಿದವನೇ ತಿರುಗಿ ನಡೆದ. ನಾನು ಮಾತ್ರ ನನ್ನ ಕಾಯಿ ಎಲ್ಲಿಗೆ ಹೋಯಿತೆಂದು ನೋಡುತ್ತಾ ನಿಂತೆ. ಅಲೆ ಅದನ್ನು ದಡಕ್ಕೇ ತಂದಿತು, ಹುಡುಗರು ಹೆಕ್ಕಿಕೊಂಡು ಓಡಿದರು. ನನ್ನ ಮುಖ ನೋಡಿ ಅವನು, “ಕೊಟ್ಟಾಯ್ತಲ್ಲ ಮಾರಾಯ, ಇನ್ನು ಅದು ಯಾರದ್ದಾದ್ರೆ ನಿನಗೇನು?” ಎಂದು ನಕ್ಕ. ಮರುದಿನ ಬೆಳಿಗ್ಗೆ ಅವನು ಬಲೆಯ ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾ ಕೂತಿದ್ದ.

ಮನೆಗೆ ಬಂದು ಹೊಸದಾಗಿ ಶುರು ಮಾಡಿದೆ. ಸಂಜೆ ದೀಪ ಹಚ್ಚಿದ ಮೇಲೆ 20 ನಿಮಿಷ, ಹೆಚ್ಚಿಲ್ಲ. ಮೊದಲು ಆ ದಿನ ನಡೆದದ್ದನ್ನು ದೇವರ ಮುಂದೆ ನಮ್ಮ ಮನೆಮಾತಿನಲ್ಲೇ ಹೇಳುತ್ತೇನೆ, ಆಳಿನ ಮೇಲೆ ರೇಗಿದ್ದನ್ನೂ ಸೇರಿಸಿ. ಸಂಸ್ಕೃತದಲ್ಲಿ ನನಗೆ ಸುಳ್ಳು ಹೇಳುವುದು ಸುಲಭ, ಮನೆಮಾತಿನಲ್ಲಿ ನಾಲಿಗೆ ತಡವರಿಸುತ್ತದೆ. ಆಮೇಲೆ ನಾಳೆ ನಾನು ಮಾಡಬೇಕಾದ ಕೆಲಸ. ಕೊನೆಗೆ, ಅದರಾಚೆ ನನ್ನ ಕೈಯಲ್ಲಿಲ್ಲದ ಒಂದೇ ಒಂದು ಸಂಗತಿಯನ್ನು ಹೆಸರಿಸಿ, ಪೂಜೆಯ ಸಣ್ಣ ಚಮಚವಾದ ಉದ್ಧರಣೆಯಲ್ಲಿ ಪಂಚಪಾತ್ರೆಯ ನೀರು ತೆಗೆದು ಹರಿವಾಣಕ್ಕೆ, ಅಂದರೆ ಮುಂದಿರುವ ತಟ್ಟೆಗೆ, ಬಿಡುತ್ತೇನೆ. ಮನಸ್ಸು ಒಪ್ಪದಿದ್ದರೆ ಬಿಡುವುದಿಲ್ಲ, ನೀರನ್ನು ಪಂಚಪಾತ್ರೆಗೇ ಸುರಿದು ಎದ್ದುಬಿಡುತ್ತೇನೆ. ನನ್ನ ಕ್ರಮದ ಜೀವಾಳ ಇಲ್ಲಿದೆ. ಮೊದಲ ತಿಂಗಳಲ್ಲಿ ನೀರು ಹರಿವಾಣಕ್ಕೆ ಬಿದ್ದದ್ದು ಆರೇಳು ದಿನ ಮಾತ್ರ. ನೀರು ಬಿಡುವಾಗ ಹೇಳಿಕೊಳ್ಳುವ ಎರಡು ಶಬ್ದಗಳಿವೆ. ಅವು ನನ್ನ ತಾಯಿಯವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಗಣಹೋಮವನ್ನು ಬಿಟ್ಟಿಲ್ಲ. ಆದರೆ ಸಂಕಲ್ಪದಲ್ಲಿ ಬೆಳೆಯ ಮಾತು ಬೇಡ, ಶ್ರೀಪರಮೇಶ್ವರಪ್ರೀತ್ಯರ್ಥಂ, ಅಂದರೆ ದೇವರ ಪ್ರೀತಿಗಾಗಿ, ಎಂಬಷ್ಟೇ ಸಾಕು ಎಂದಾಗ ಭಟ್ಟರು ಕೈಯಲ್ಲಿದ್ದ ಅಕ್ಷತೆಯನ್ನು ಹಾಗೆಯೇ ಹಿಡಿದು, “ಮತ್ತೆ ಫಲ?” ಎಂದು ಕೇಳಿದರು. ದಕ್ಷಿಣೆ ಕಡಿಮೆಯಾಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಮಂತ್ರ ಮುಂದೆ ಸಾಗಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬೆಟ್ಟದ ಗಡಿಯ ವಿಷಯದಲ್ಲಿ ಹನ್ನೊಂದು ವರ್ಷದಿಂದ ನನ್ನೊಂದಿಗೆ ಕೋರ್ಟಿನಲ್ಲಿರುವ ದಾಯಾದಿಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸತೊಡಗಿದೆ. ಹತ್ತು ದಿನ ಗಂಟಲು ಒಣಗಿತು. ನಲವತ್ತನೆಯ ದಿನದ ಸುಮಾರಿಗೆ, ಅವನ ತೋಟದ ಮೇಲಿನ ಕಾದಿಗೆಯಲ್ಲಿ, ಅಂದರೆ ಮಳೆನೀರಿನ ಕಾಲುವೆಯಲ್ಲಿ, ಹೂಳು ತುಂಬಿದ್ದು ಕಂಡು, ಹೋಗಿ ಹೇಳಿ ಬಂದೆ. ಕೇಸು ಇನ್ನೂ ನಡೆಯುತ್ತಿದೆ. ಅದನ್ನು ನಾನೂ ಹಿಂದಕ್ಕೆ ಪಡೆದಿಲ್ಲ.

ಕಳೆದ ಮಳೆಗಾಲದಲ್ಲಿ ಎರಡನೆಯ ಸುತ್ತಿಗೆ ಎಲ್ಲ ಸಿದ್ಧವಾಗಿದ್ದಾಗ ಹನ್ನೆರಡು ದಿನ ಮಳೆ ಬಿಡಲಿಲ್ಲ. ಕೊಳೆ ಬಂತು, ಮೂರರಲ್ಲೊಂದು ಪಾಲು ಹೋಯಿತು. ಉದುರಿದ್ದು ಗೊತ್ತಾದ ದಿನವೂ ಸಂಜೆ ನೀರು ಬಿಟ್ಟು ಊಟ ಮಾಡಿ ಮಲಗಿದವನಿಗೆ ಬೆಳಗಿನ ಐದರವರೆಗೆ ಎಚ್ಚರವಿಲ್ಲ. ಎದ್ದವನೇ ಕೊನೆಗಾರನನ್ನು ಕರೆದು ಕೊಳೆತ ಕೊನೆಗಳನ್ನು ಇಳಿಸಿ, ಉದುರಿದ್ದನ್ನು ಹೆಕ್ಕಿಸಿ ಸುಡಲು ಒಟ್ಟಿಸಿದೆ. ರಾತ್ರಿಯಿಡೀ ಎಚ್ಚರವಾಗಿದ್ದವಳು ಹೆಂಡತಿ. ವಾರದ ನಂತರ, “ಅದನ್ನ ನನಗೂ ಹೇಳಿಕೊಡಿ” ಎಂದಳು. ಭಟ್ಟರೂ ಈಚೆಗೆ ಇಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಇಬ್ಬರಿಗೂ ನಾನು ಮೊದಲು ಕೇಳಿದ್ದು ಮದ್ದು ಹೊಡೆಸಿದ್ದೀರೋ ಎಂದು.

ಮಗ ಬೆಂಗಳೂರಿನಿಂದ ತೋಟಕ್ಕೆ ಮರಳುವನೋ ಇಲ್ಲವೋ ಎಂಬುದೊಂದು ಬಾಕಿಯಿದೆ. ವಾರಕ್ಕೊಮ್ಮೆಯಾದರೂ ಅದನ್ನು ಹೆಸರಿಸಿ ಉದ್ಧರಣೆ ಎತ್ತುತ್ತೇನೆ. ಈವರೆಗೆ ಒಮ್ಮೆಯೂ ಆ ನೀರು ಹರಿವಾಣಕ್ಕೆ ಬಿದ್ದಿಲ್ಲ. ಪಂಚಪಾತ್ರೆಗೆ ತಿರುಗಿ ಸುರಿದು, ದೀಪಕ್ಕೆ ಎಣ್ಣೆ ಹಾಕಿ ಎದ್ದು ಬರುತ್ತೇನೆ.