ಕಪ್ಪು ಮರ ಬೇಕೆಂದರೆ ಬೀಟೆಯೇ ಆಗಬೇಕಿಲ್ಲ: ಜಾಲಿ, ಅಳಲೆಕಾಯಿ ಮತ್ತು ಕಬ್ಬಿಣದ ನೀರು

ಸಣ್ಣ ಪೆಟ್ಟಿಗೆ, ಫೋಟೋ ಚೌಕಟ್ಟು, ಉಳಿ-ಚಾಕುಗಳ ಹಿಡಿ, ಚದುರಂಗದ ಕಾಯಿ. ನಾನು ಮಾಡುವ ಕೆಲಸ ಇಷ್ಟೇ. ಇದಕ್ಕೆಲ್ಲ ವರ್ಷಕ್ಕೆ ಬೇಕಾಗುವ ಕಪ್ಪು ಮರ ಒಂದು ಸಿಎಫ್‌ಟಿ (ಘನ ಅಡಿ) ದಾಟುವುದಿಲ್ಲ. ಅಷ್ಟನ್ನು ನ್ಯಾಯವಾಗಿ ಹೊಂದಿಸುವುದೇ ಕಷ್ಟ.

ಅಸಲಿ ಕಪ್ಪು ಎಂದರೆ ಕರಿಮರ, ಅಂದರೆ ಎಬೊನಿ. ಅದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿ. ಇನ್ನುಳಿದದ್ದು ಬೀಟೆ. ಅದು ನಮ್ಮದೇ ಜಮೀನಿನಲ್ಲಿ ಬೆಳೆದಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಕೊಡಗಿನಲ್ಲಾದರೆ ಜಮೀನು ರಿಡೀಮ್ಡೋ ಅನ್‌ರಿಡೀಮ್ಡೋ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದೋ ಅಲ್ಲವೋ) ಎಂಬ ತಕರಾರು ಬೇರೆ. ಇಲಾಖೆಯ ಡಿಪೊಗಳಲ್ಲಿ (ದಾಂಡೇಲಿಯದು ಹೆಸರಾದದ್ದು) ಹರಾಜಾಗುವುದು ಲಾಟ್ ಲೆಕ್ಕದಲ್ಲಿ. ಅದು ಸಾಮಿಲ್ಲಿನವರಿಗೆ ಸರಿ, ಎರಡು ಹಲಗೆ ಬೇಕಾದ ನಮಗಲ್ಲ.

ಹಾಗಾಗಿ ನನಗೆ ಬೀಟೆ ಬಂದಿರುವುದು ಎರಡೇ ದಾರಿಯಲ್ಲಿ. ಒಂದು, ಹರಾಜಿನ ಮಾಲು ಸೀಳುವ ಪರವಾನಗಿ ಇರುವ ಸಾಮಿಲ್ಲಿನಲ್ಲಿ ಬಿಲ್ ಸಮೇತ ಕೊಂಡ ತುಂಡುಗಳು. ಇನ್ನೊಂದು, ಹಳೆಯ ಮಂಚದ ಕಾಲು, ಮುರಿದ ಕುರ್ಚಿ, ಕಿತ್ತ ಬಾಗಿಲು. ಹಳೆ ಸಾಮಾನಿಗೂ ಬಿಲ್ ಕೇಳಿ ಪಡೆಯಿರಿ. ಮೊದಲು ಅದರ ಮೇಲೆ ಬಲವಾದ ಅಯಸ್ಕಾಂತ ಆಡಿಸಿ. ಒಳಗೆ ಮುರಿದು ಕೂತ ಒಂದು ಮೊಳೆ ಮರ ಹೆರೆಯುವ ತೋಪಡಾದ ಅಲಗಿಗೆ ಹಲ್ಲು ಬೀಳಿಸುತ್ತದೆ. ಹಿತ್ತಾಳೆ ಸ್ಕ್ರೂ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಅದನ್ನು ಕಣ್ಣಲ್ಲೇ ಹುಡುಕಬೇಕು.

ಬೀಟೆ ಹೌದೋ ಅಲ್ಲವೋ ನೋಡಲು ಮೂಲೆಯಲ್ಲಿ ಉಳಿಯಿಂದ ಒಂದು ತೆಳು ಸಿಪ್ಪೆ ಎಬ್ಬಿಸಿ. ಬಣ್ಣ ಹಚ್ಚಿದ ಮರವಾದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬೀಟೆಯಾದರೆ ನೇರಳೆ ಛಾಯೆಯ ಕಂದಿನ ಮೇಲೆ ಕಪ್ಪು ಗೆರೆಗಳಿರುತ್ತವೆ, ಹೊಸದಾಗಿ ಕೊಯ್ದಾಗ ಸಿಹಿವಾಸನೆ ಬರುತ್ತದೆ. ಆನ್‌ಲೈನಿನಲ್ಲಿ ರೋಸ್‌ವುಡ್ ಎಂದು ಅಗ್ಗಕ್ಕೆ ಮಾರುವುದು ಹೆಚ್ಚಾಗಿ ಉತ್ತರದ ಶೀಶಮ್. ಕೆಟ್ಟ ಮರವೇನಲ್ಲ, ಬೀಟೆಯ ಬೆಲೆ ಕೊಡಬೇಡಿ ಅಷ್ಟೆ. ವಿದೇಶದಲ್ಲಿರುವ ನಂಟರಿಗೆ ಮಾಡಿ ಕಳಿಸುವವರಿಗೆ ಒಂದು ಮಾತು: 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲ ಬಹುತೇಕ ಇಡಿಯಾಗಿ ಸೈಟ್ಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಬೀಟೆ, ಶೀಶಮ್ ಎರಡೂ ಅದರೊಳಗೆ ಬರುತ್ತವೆ. ಪಾರ್ಸೆಲ್ ಮಾಡುವ ಮುನ್ನ ಎರಡೂ ದೇಶದ ನಿಯಮ ವಿಚಾರಿಸಿಕೊಳ್ಳಿ.

ಊರಿನ ಮರಗಳಿಗೆ ಬರೋಣ. ಮಳೆಮರದ ಚೇಗು (ಒಳಗಿನ ಬಲಿತ ಮರ) ಚಾಕಲೇಟು ಬಣ್ಣದ್ದು, ಹಗುರ, ಒಣಗುವಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಬೀಳುವ ಮರಗಳಲ್ಲಿ ಇದೂ ಬಹಳ. ಬಾಗೆಯೂ ಹೀಗೇ, ಇನ್ನೂ ಸ್ವಲ್ಪ ಗಟ್ಟಿ, ಆದರೆ ಅದರ ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಮುಖಕ್ಕೆ ಎನ್95 ಇಲ್ಲದೆ ಮುಟ್ಟಬೇಡಿ. ಮತ್ತಿ ನೋಡಲು ಚೆಂದ, ಗಾಢ ಕಂದಿನಲ್ಲಿ ಕಪ್ಪು ಎಳೆ, ಆದರೆ ಒಣಗುವಾಗ ಸೀಳುತ್ತದೆ, ಅಲಗನ್ನೂ ಬೇಗ ಮೊಂಡಾಗಿಸುತ್ತದೆ. ಎಳೆ ಅಡ್ಡಾದಿಡ್ಡಿ ಇರುವುದರಿಂದ ತೋಪಡಾ ಹೊಡೆದರೆ ಚಕ್ಕೆ ಕಿತ್ತು ಬರುತ್ತದೆ. ಕೊನೆಯ ಹದಕ್ಕೆ ನಾನು ಸ್ಕ್ರೇಪರ್ ಮಾತ್ರ ಬಳಸುತ್ತೇನೆ. ಮಲೆನಾಡಿನವರಿಗೆ ಬೈನೆ ಇದೆ. ಹೊರಗಿನ ಒಂದೂವರೆ-ಎರಡು ಇಂಚು ಮಾತ್ರ ಮರ, ಒಳಗೆಲ್ಲ ಮೆತ್ತನೆಯ ತಿರುಳು. ಆ ಹೊರಪದರ ಕಪ್ಪು ನಾರುಗಳಿಂದ ತುಂಬಿ ಕಲ್ಲಿನಂತಿರುತ್ತದೆ. ಕೈಗೆ ಚುಚ್ಚುವ ಸಿಬಿರು ಮಾತ್ರ ಭಯಂಕರ.

ಇಷ್ಟಾದರೂ ಇವೆಲ್ಲ ಕಂದು, ಕಪ್ಪಲ್ಲ. ನಿಜವಾದ ಕಪ್ಪಿಗೆ ನಾನು ನೆಚ್ಚಿಕೊಂಡಿರುವುದು ಕರಿಜಾಲಿ ಮತ್ತು ಅಕೇಶಿಯಾ. ಎರಡರಲ್ಲೂ ಟ್ಯಾನಿನ್, ಅಂದರೆ ಒಗರಿನ ಅಂಶ, ಸಾಕಷ್ಟಿದೆ, ಅದಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಸಿ ಜಾಲಿ ಹಲಗೆಯನ್ನು ಕಬ್ಬಿಣದ ಕ್ಲಾಂಪಿನಲ್ಲಿ ರಾತ್ರಿಯಿಡೀ ಬಿಟ್ಟವರಿಗೆ ಇದು ಗೊತ್ತೇ ಇದೆ.

ಕೊಳ್ಳುವ ಲೆಕ್ಕ ಮೊದಲು. ಹಲಗೆಗೆ ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ. 4 ಅಡಿ, 6 ಇಂಚು, 2 ಇಂಚು ಎಂದರೆ 0.33. ದುಂಡು ದಿಮ್ಮಿಗೆ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 40 ಇಂಚು ಸುತ್ತಳತೆಯ 5 ಅಡಿ ದಿಮ್ಮಿ 3.47 ಸಿಎಫ್‌ಟಿ. ಹೊರಗಿನ ಬಿಳಿ ಭಾಗ, ಗರಗಸದ ಪುಡಿ, ಸೀಳು ಎಲ್ಲ ಕಳೆದರೆ ಕೈಗೆ ಬರುವ ಚೇಗು ಅದರ ಅರ್ಧ ಎಂದುಕೊಂಡೇ ಬೆಲೆ ಮಾತಾಡಿ. ಸೀಳಿಸಿದ ದಿನವೇ ಎರಡೂ ತುದಿಗೆ ಹಳೆ ಪೇಂಟ್ ದಪ್ಪಗೆ ಬಳಿಯಿರಿ, ನೆರಳಲ್ಲಿ ರೀಪು ಕೊಟ್ಟು ಅಟ್ಟಿ ಇಡಿ. ಒಂದು ಇಂಚಿಗೆ ಒಂದು ವರ್ಷ ಎಂಬುದು ಒಟ್ಟಾರೆ ಲೆಕ್ಕ. ಬಿಳಿ ಭಾಗ ಉಳಿಸಿಕೊಂಡರೆ ಕುಟ್ಟೆ ಹುಳು ಬಿಡುವುದಿಲ್ಲ.

ಈಗ ಕಬ್ಬಿಣದ ನೀರು. ಅಡುಗೆಯ ಬಿಳಿ ವಿನೆಗರ್ ಅರ್ಧ ಲೀಟರ್, ಸ್ಟೀಲ್ ವೂಲ್ (ಉಕ್ಕಿನ ತೆಳು ಎಳೆಗಳ ಉಂಡೆ) 15 ಗ್ರಾಂ. ಉಕ್ಕಿನ ಎಳೆಗೆ ಎಣ್ಣೆ ಸವರಿರುತ್ತಾರೆ, ಆದ್ದರಿಂದ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಹಿಂಡಿ, ಬಿಡಿಸಿ ಗಾಜಿನ ಭರಣಿಗೆ ಹಾಕಿ. ಮುಚ್ಚಳ ಬಿಗಿಯಬೇಡಿ, ಹೈಡ್ರೋಜನ್ ಹೊರಡುತ್ತದೆ. ಹತ್ತಿರ ಬೆಂಕಿಯೂ ಬೇಡ. ಒಂದು ವಾರ ಬಿಟ್ಟು ಬಟ್ಟೆಯಲ್ಲಿ ಸೋಸಿ. 4 ಶೇಕಡಾ ವಿನೆಗರ್ ಅಷ್ಟು ಕಬ್ಬಿಣವನ್ನು ಪೂರ್ತಿ ಕರಗಿಸಲಾರದು, ತಳದಲ್ಲಿ ಸ್ವಲ್ಪ ಉಳಿಯಬೇಕು. ಉಳಿಯದಿದ್ದರೆ ನೀರು ಬೇಗ ತುಕ್ಕಿನ ಬಣ್ಣಕ್ಕೆ ತಿರುಗಿ ಮರದ ಮೇಲೆ ಕಪ್ಪಿನ ಬದಲು ಕೆಂಪು ಛಾಯೆ ಬಿಡುತ್ತದೆ. ಕಲಂಕಾರಿಯವರು ಇದೇ ಕೆಲಸಕ್ಕೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಸುತ್ತಾರೆ. ಅದೂ ಆಗುತ್ತದೆ, ಆದರೆ ಮನೆಯವರು ವಾಸನೆ ಸಹಿಸಬೇಕು.

ಜಾಲಿಗೆ ಇದೊಂದೇ ಸಾಕು. ಮಳೆಮರ, ಸಿಲ್ವರ್ ಓಕ್, ರಬ್ಬರ್ ಮರಕ್ಕೆ ಬರಿಯ ಕಬ್ಬಿಣದ ನೀರು ಕೊಟ್ಟರೆ ಬೂದಿ ಬಣ್ಣವಾಗುತ್ತದೆ. ಅದಕ್ಕೆ ಮೊದಲು ಅಳಲೆಕಾಯಿ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಕಾಯಿ ಒಡೆದು ಬೀಜ ತೆಗೆದು, 100 ಗ್ರಾಂ ಸಿಪ್ಪೆಗೆ ಒಂದು ಲೀಟರ್ ನೀರು ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಸ್ಟೀಲ್ ಪಾತ್ರೆ ಬಳಸಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಅಲ್ಲೇ ಶಾಯಿಯಾಗುತ್ತದೆ. ನಾಲ್ಕು ದಿನಕ್ಕೆ ಬೂಸು ಬರುತ್ತದೆ, ಬೇಕಾದಷ್ಟೇ ಮಾಡಿ.

ಹಚ್ಚುವ ಕ್ರಮ: ಮರವನ್ನು 240ರ ಉಪ್ಪುಕಾಗದದವರೆಗೆ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ರೋಮವನ್ನು 320ರಲ್ಲಿ ತೆಗೆಯಿರಿ. ಕಷಾಯ ಬಳಿದು ಪೂರ್ತಿ ಒಣಗಲು ಬಿಡಿ. ಬೇರೆ ಬ್ರಶ್‌ನಲ್ಲಿ ಕಬ್ಬಿಣದ ನೀರು. ನೋಡನೋಡುತ್ತಲೇ ಮೊದಲು ನೇರಳೆ, ಆಮೇಲೆ ಕಪ್ಪು. ಒಣಗಿದ ಮೇಲೆ ಮತ್ತೆ ಒಂದು ಕೋಟು ಕಷಾಯ. ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಡಿಲ ಕಪ್ಪು ಬಿಟ್ಟುಬರುತ್ತದೆ. ಈ ಹಂತದಲ್ಲಿ ಮರ ಸತ್ತ ಹಾಗೆ ಬೂದುಗಪ್ಪು ಕಾಣುತ್ತದೆ. ಗಾಬರಿ ಬೇಡ, ಎಣ್ಣೆಯೋ ಅರಗಿನ ಪಾಲಿಶೋ ಬಿದ್ದ ಕೂಡಲೇ ಕಪ್ಪು ಏಳುತ್ತದೆ.

ಕೆಡುವುದು ಹೆಚ್ಚಾಗಿ ಅಂಟಿನಿಂದ. ಸಂದಿಯಿಂದ ಹೊರಬಂದ ಫೆವಿಕಾಲ್ ಒರೆಸಿದ ಜಾಗದಲ್ಲಿ ಬಣ್ಣ ಹಿಡಿಯದೆ ಬಿಳಿ ಮಚ್ಚೆ ನಿಲ್ಲುತ್ತದೆ. ಎರಡೂ ನೀರಿಗೆ ಒಂದೇ ಬ್ರಶ್ ಅದ್ದಿದರೆ ಇಡೀ ಭರಣಿ ಹಾಳು. ಬೆಳ್ಳನೆಯ ಮರದ ಪಕ್ಕ ಕೂರಿಸಬೇಕಾದ ಪಟ್ಟಿಯನ್ನು ಕೂರಿಸುವ ಮೊದಲೇ ಕಪ್ಪು ಮಾಡಿ ಪಾಲಿಶ್ ಕೊಟ್ಟುಬಿಡಿ, ಇಲ್ಲದಿದ್ದರೆ ಕಪ್ಪು ಪಕ್ಕಕ್ಕೆ ಹರಿಯುತ್ತದೆ. ಹಲಸಿಗೆ ಈ ಉಪಾಯ ಬೇಡ. ಅದರ ಹಳದಿಗೆ ಕಬ್ಬಿಣ ಸೇರಿದರೆ ಪಾಚಿ ಹಸಿರಿನ ಕಂದು ಬರುತ್ತದೆ, ಕಪ್ಪಲ್ಲ.

ಬಣ್ಣ ಇಳಿಯುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಅದಕ್ಕೇ ಚಾಕುವಿನ ಹಿಡಿ, ದಿನಾ ಕೈ ಉಜ್ಜುವ ಅಂಚು ಇಂಥವಕ್ಕೆ ನಾನು ಇದನ್ನು ಮಾಡುವುದಿಲ್ಲ. ಅಲ್ಲಿಗೆ ಬೈನೆ, ಇಲ್ಲವೇ ಮಂಚದ ಕಾಲಿನ ಬೀಟೆ. ಚೌಕಟ್ಟು, ಪೆಟ್ಟಿಗೆಯ ಮುಚ್ಚಳದ ಪಟ್ಟಿ, ಚದುರಂಗದ ಕಾಯಿಗಳಿಗೆ ಜಾಲಿ ಧಾರಾಳ ಸಾಕು. ಕಾಯಿಗಳ ತಳಕ್ಕೆ ಮಾತ್ರ ಬಟ್ಟೆ ಅಂಟಿಸಿ, ಇಲ್ಲವಾದರೆ ಆಟವಾಡುತ್ತಾ ತಳ ಸವೆದು ಒಳಗಿನ ಕೆಂಪು ಕಾಣಿಸಿಕೊಳ್ಳುತ್ತದೆ.