ಹೊರಸಿನ ಮೇಲೆ ಮಲಗಿದ ನಾಯಿಗೇ ಕೂಲಿ ಜಾಸ್ತಿ

ನಮ್ಮ ಮನೆ ಇರುವುದು ಗಂಗಾವತಿಯ ಹೊರಗೆ, ಭತ್ತದ ಗದ್ದೆ ಶುರುವಾಗುವ ಕಡೆ. ಅಂಗಳ ಒಂದೇ, ನಾಯಿ ಮೂರು. ರಾಣಿ ಮಾಲಿನೋಯ್ಸ್ ತಳಿ, ಭೀಮ ಜರ್ಮನ್ ಶೆಫರ್ಡ್, ಮಿಂಚು ಮುಧೋಳ. ಒಂದನ್ನು ಕಲಿಸುವಾಗ ಉಳಿದ ಎರಡು ಬಾಯಿ ಮುಚ್ಚಿಕೊಂಡು ಬಿದ್ದಿರುತ್ತವೆ ಅಂದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ಮಾವ ಅಂತೂ ಬಂದಾಗಲೆಲ್ಲ "ಇವ ನಾಯಿ ಸಾಕ್ಯಾನೋ, ನಾಯಿ ಇವನ್ನ ಸಾಕ್ಯಾವೋ" ಅಂತ ನಗುತ್ತಿದ್ದರು. ಈಗ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಲೆಕ್ಕ. ಎರಡು ದೊಡ್ಡ ಕ್ರೇಟ್, ಅಂದರೆ ನಾಯಿ ಕೂಡಿಹಾಕುವ ಸರಳಿನ ಪಂಜರ, ಸುಮಾರು 14 ಸಾವಿರ. ಒಳಗೆ ಹಾಕಿದರೆ ಭೀಮ ಸರಳು ಕಚ್ಚಿ ಕಚ್ಚಿ ಒಂದು ಹಲ್ಲಿನ ತುದಿ ಮುರಿದುಕೊಂಡ. ಶಾಕ್ ಕೊಡುವ ಕಾಲರ್ ನಾಲ್ಕೂವರೆ ಸಾವಿರ. ಒಂದು ವಾರ ಹಾಕಿದೆ. ರಾಣಿ ಬೊಗಳುವುದನ್ನು ಬಿಟ್ಟಳು, ಜೊತೆಗೆ ಚೆಂಡು ತರುವುದನ್ನೂ ಬಿಟ್ಟಳು. ಅರ್ಧ ಬೆಲೆಗೆ ಮಾರಿದೆ. ದೊಡ್ಡ ಊರಿನಿಂದ ಒಬ್ಬ ಟ್ರೇನರ್ ತಿಂಗಳಿಗೆ 12 ಸಾವಿರ ತೆಗೆದುಕೊಂಡು "ಮೂರನ್ನೂ ಒಂದೇ ಕಡೆ ಕಲಿಸೋಕಾಗಲ್ಲ, ಎರಡನ್ನ ಕೊಟ್ಟುಬಿಡಿ" ಅಂದು ಹೋದ. ಅಷ್ಟು ಮಾತನ್ನು ಮಾವ ಪುಕ್ಕಟೆ ಹೇಳಿದ್ದರು.

ಓಡಿಸಿ ಸುಸ್ತು ಮಾಡಿದರೆ ಸುಮ್ಮನಾಗುತ್ತವೆ ಅಂತ ಇನ್ನೊಬ್ಬರ ಸಲಹೆ. ಎಡದಂಡೆ ಕಾಲುವೆ ಪಕ್ಕ ಬೈಕ್ ಹಿಂದೆ ದಿನಾ ಆರು ಕಿಲೋಮೀಟರ್ ಓಡಿಸಿದೆ. ಎರಡು ತಿಂಗಳಿಗೆ ಅವು ರೇಸಿನ ಕುದುರೆ ಆದವು. ಬೆಳಿಗ್ಗೆ ಓಡಿ ಬಂದು ಅರ್ಧ ಗಂಟೆಗೆ ಮತ್ತೆ ಗೇಟಿನ ಹತ್ತಿರ ನಿಲ್ಲೋವು. ಸುಸ್ತಾದದ್ದು ನಾನು, ಆಮೇಲೆ ಬೈಕಿನ ಟೈರು.

ನಿಜವಾಗಿ ಬುದ್ಧಿ ಬಂದದ್ದು ಮಿಂಚುವಿನ ಕಿವಿ ಹರಿದ ದಿನ. ಭೀಮ, ಮಿಂಚು ಇಬ್ಬರನ್ನೂ ಬೇವಿನ ಗಿಡಕ್ಕೆ ಕಟ್ಟಿ ರಾಣಿಗೆ ಚೆಂಡು ಎಸೆಯುತ್ತಿದ್ದೆ. ರಾಣಿ ಪಕ್ಕದಲ್ಲೇ ಹಾದುಹೋದಳು. ಚೈನು ಬಿಗಿಯಾಯಿತು, ಭೀಮನಿಗೆ ಅವಳು ಸಿಗಲಿಲ್ಲ, ತಿರುಗಿ ಪಕ್ಕದಲ್ಲಿದ್ದವನ ಕಿವಿಗೆ ಬಾಯಿ ಹಾಕಿದ. ಮುಧೋಳದ ಕಿವಿ ಗೊತ್ತಲ್ಲ, ವೀಳ್ಯದೆಲೆಯಷ್ಟು ತೆಳ್ಳಗೆ. ಅವನು ತಲೆ ಕೊಡವಿದಾಗಲೆಲ್ಲ ಸುಣ್ಣದ ಗೋಡೆ ತುಂಬಾ ರಕ್ತದ ಹನಿ. ಕೊನೆಗೆ ಮಗನ ಸ್ಕೂಲ್ ಸಾಕ್ಸಿನ ತುದಿ ಕತ್ತರಿಸಿ, ಕಿವಿಯನ್ನು ತಲೆಗೆ ಒತ್ತಿ ಟೋಪಿ ಥರ ಹಾಕಿದ ಮೇಲೆ ನಿಂತಿತು. ಬಿಡಿಸಲು ಹೋದ ನನ್ನ ಕೈಗೆ ಏಳು ಹೊಲಿಗೆ. ಮನೆ ನಾಯಿ, ಲಸಿಕೆ ಆಗಿದೆ ಅಂದರೂ ರೇಬೀಸ್ ಇಂಜೆಕ್ಷನ್ ತಪ್ಪಲಿಲ್ಲ.

ಆ ಕೈ ಕಟ್ಟಿಕೊಂಡು ಕೂತಾಗ ಹೊಳೆಯಿತು. ಕೆಲಸ ಮಾಡುವ ನಾಯಿಗೆ ಚೆಂಡು, ಮೊಟ್ಟೆ, ಶಹಬ್ಬಾಸ್ ಎಲ್ಲಾ ಇದೆ. ಕಾಯುವ ನಾಯಿಗೆ ಏನಿದೆ? ಚೈನು. ಕಾಯುವುದೂ ಒಂದು ಕೆಲಸ ಅಲ್ವಾ? ಅದಕ್ಕೆ ನಾನು ಕೂಲಿನೇ ಕೊಟ್ಟಿರಲಿಲ್ಲ.

ಅತ್ತೆ ಮನೆಯ ಅಟ್ಟದಲ್ಲಿ ಮೂರು ಹಳೆ ಹೊರಸು, ಅಂದರೆ ನವಾರಿನ ಮಂಚ, ಇದ್ದವು, ಅವನ್ನು ಹೊತ್ತು ತಂದೆ. ನವಾರು ಹೊಸದು ಹಾಕಿಸಲು ಒಂದಕ್ಕೆ ನಾನೂರು ಆಯಿತು. ಹೊರಸಿನ ಮೇಲೆ ಇದ್ದವನು ಡ್ಯೂಟಿಯಲ್ಲಿ ಇದ್ದಂತೆ. ಮೊದಲು ಒಂದೊಂದೇ ನಾಯಿಗೆ ಹೊರಸು ಹತ್ತುವುದು, ಮಲಗುವುದು ಕಲಿಸಿದ್ದನ್ನು ನಿಮಗೆ ವಿವರಿಸಬೇಕಿಲ್ಲ. ಆಮೇಲೆ ರಾಣಿ ನೆಲದ ಮೇಲೆ ಬರೀ ಕೂತಿರುತ್ತಾಳೆ, ಭೀಮ ಹೊರಸಿನ ಮೇಲೆ. ರಾಣಿಗೆ ಒಂದು ಚೂರು ಕೋಳಿ ಲಿವರ್ ಕೊಟ್ಟರೆ ಭೀಮನಿಗೆ ಮೂರು. ಶುರುವಿಗೆ ಹತ್ತು ಸೆಕೆಂಡು. ಮೂರು ವಾರಕ್ಕೆ ನಾಲ್ಕು ನಿಮಿಷ. ಮೂರು ತಿಂಗಳಿಗೆ ಇಪ್ಪತ್ತು ನಿಮಿಷದ ಹತ್ತಿರ ಬಂದೆವು.

ಮಧ್ಯೆ ಎರಡು ವಾರ ಎಲ್ಲಾ ಕೆಟ್ಟಿತು. ರಾಣಿ ನಡೆಯುವವರೆಗೆ ಸರಿ ಇತ್ತು, ಚೆಂಡು ತೆಗೆದ ಕೂಡಲೇ ಮೂರೂ ನನ್ನ ಮೇಲೆ. ನಡಿಗೆಯಿಂದ ನೇರ ಚೆಂಡಿಗೆ ಹಾರಿದ್ದು ನನ್ನದೇ ತಪ್ಪು. ಚೆಂಡನ್ನು ಎಸೆಯದೆ ನೆಲದ ಮೇಲೆ ನಿಧಾನಕ್ಕೆ ಉರುಳಿಸುವುದರಿಂದ ಮತ್ತೆ ಶುರು ಮಾಡಿದೆ.

ಭೀಮನ ಕುಂಯ್‌ಗುಡುವಿಕೆ ಇನ್ನೊಂದು ಕಥೆ. ಸುಮ್ಮನಾದ ಕೂಡಲೇ ಲಿವರ್ ಕೊಡುತ್ತಿದ್ದೆ. ಅವನು ಕಲಿತದ್ದೇನು? ಕುಂಯ್ ಅನ್ನಬೇಕು, ನಿಲ್ಲಿಸಬೇಕು, ಲಿವರ್ ಬರುತ್ತೆ. ಗಡಿಯಾರದ ಹಾಗೆ ಮಾಡೋನು! ನಾನು ಶಿಷ್ಯನಾಗಿ ಅವನು ಮೇಷ್ಟ್ರಾದ. ಬಾಯಿ ತೆರೆಯುವ ಮೊದಲೇ, ಇನ್ನೂ ಸುಮ್ಮನಿರುವಾಗಲೇ ಕೊಡಲು ಶುರು ಮಾಡಿದ ಮೇಲೆ ದಾರಿಗೆ ಬಂದ.

ನಾಯಿ ಏಳುವ ಮೊದಲು ಮುಂಗಾಲಿನ ಮೊಣಕೈ ನವಾರಿನಿಂದ ಒಂದು ಬೆರಳಷ್ಟು ಮೇಲೆ ಬರುತ್ತದೆ. ಅಷ್ಟರೊಳಗೆ ಕೂಲಿ ಮುಟ್ಟಬೇಕು. ಆದರೆ ನನ್ನ ಕಣ್ಣು ರಾಣಿ ಮೇಲಿದ್ದರೆ ಮೊಣಕೈ ನೋಡುವವರು ಯಾರು? ಹಳೆ ಮರದ ಹೊರಸು ಕಿರ್ರ್ ಅನ್ನುತ್ತದೆ. ಭಾರ ಮುಂದಕ್ಕೆ ಬಂದರೆ ಒಂದು ಥರ, ಪಕ್ಕಕ್ಕೆ ಹೊರಳಿದರೆ ಇನ್ನೊಂದು ಥರ. ಬೆನ್ನು ತಿರುಗಿಸಿಕೊಂಡೇ ಯಾರು ಏಳಲು ಹೊರಟಿದ್ದಾರೆ ಅಂತ ಹೇಳುತ್ತೇನೆ. ನೋಡಿದವರು ನನಗೆ ಬೆನ್ನಲ್ಲಿ ಕಣ್ಣಿದೆ ಅಂದುಕೊಳ್ಳುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಚೆಂದಕ್ಕೆ ಅಂತ ಕಬ್ಬಿಣದ ಪೈಪಿನದು ಒಂದು ಮಾಡಿಸಿದೆ, 1,800 ದಂಡ. ಸದ್ದೇ ಇಲ್ಲ. ಅದರ ಮೇಲೆ ಈಗ ಹೆಂಡತಿ ಶಾವಿಗೆ ಒಣಗಿಸುತ್ತಾಳೆ.

ಹೊರಸಿನಿಂದ ಇಳಿಸುವ ಮಾತಿನಲ್ಲೂ ಪೆಟ್ಟು ತಿಂದೆ. ಮೊದಲು "ಬಾ" ಅಂತ ಇಟ್ಟಿದ್ದೆ. ಮನೆಯಲ್ಲಿ ದಿನಕ್ಕೆ ನೂರು ಸಲ ಯಾರೋ ಯಾರಿಗೋ ಬಾ ಅನ್ನುತ್ತಾರೆ. ಹಾಲಿನವನಿಗೆ ಹೆಂಡತಿ "ಬಾರಪ್ಪಾ" ಅಂದರೆ ಮೂರೂ ಹಾಲಿನವನ ಮುಂದೆ. ಬರೀ ಹೆಸರು ಕರೆದರೂ ಕಷ್ಟ, "ಭೀ" ಅನ್ನುವಷ್ಟರಲ್ಲಿ ಮಿಂಚುವೂ ಇಳಿದಿರುತ್ತಿದ್ದ. ಈಗ ಹೆಸರು ಕರೆದು ಒಂದು ಉಸಿರು ಬಿಟ್ಟು ಬೇರೆ ಒಂದು ಶಬ್ದ ಹೇಳುತ್ತೇನೆ. ನಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರೂ ಬಳಸದ ಶಬ್ದ. ಯಾವುದು ಅಂತ ಮಾತ್ರ ಕೇಳಬೇಡಿ. ಹಾಗೇ ಚೆಂಡಿನ ದಿನ ಚೀಲದಲ್ಲಿ ಲಿವರ್ ಜೊತೆ ಇನ್ನೊಂದು ಇರುತ್ತದೆ, ಅದೂ ನನ್ನ ಹತ್ತಿರವೇ ಇರಲಿ.

ಸರದಿ ದಿನಾ ಬದಲಾಯಿಸುತ್ತೇನೆ. ಒಂದೇ ಕ್ರಮ ಇಟ್ಟರೆ ಎರಡನೆಯದು ಮುಗಿಯುವ ಹೊತ್ತಿಗೆ ಮೂರನೆಯದರ ಬಾಲ ಶುರುವಾಗುತ್ತದೆ. ಲಿವರ್, ಮೊಟ್ಟೆ ಎಲ್ಲಾ ಅವತ್ತಿನ ಊಟದಲ್ಲೇ ಕಡಿತ. ಊಟ ಹಾಕುವುದು ಕೆಲಸ ಮುಗಿದು ಒಂದು ಗಂಟೆಯ ಮೇಲೆ. ಎದೆ ಆಳ ಇರುವ ನಾಯಿ ಹೊಟ್ಟೆ ತುಂಬಿಸಿಕೊಂಡು ಕುಣಿದರೆ ಹೊಟ್ಟೆ ತಿರುಚಿಕೊಳ್ಳಬಹುದು, ಆಮೇಲೆ ಡಾಕ್ಟರ್ ಹತ್ತಿರ ಓಡಲು ಟೈಮೂ ಹೆಚ್ಚು ಸಿಗುವುದಿಲ್ಲ.

ಏಪ್ರಿಲ್ ಬಂದರೆ ನಮ್ಮ ಕಡೆ ಬೆಳಿಗ್ಗೆ ಏಳರ ಒಳಗೆ ಎಲ್ಲಾ ಮುಗಿಯಬೇಕು. ಸಂಜೆ ಬೇಕಾದರೆ ಅಂಗೈ ಹಿಂಬದಿಯನ್ನು ನೆಲಕ್ಕೆ ಇಟ್ಟು ನೋಡಿ, ನಿಮ್ಮ ಕೈಗೆ ತಡೆಯದ ಕಾವು ನಾಯಿಯ ಪಾದಕ್ಕೂ ತಡೆಯದು. ಹೊರಸಿನ ಕೆಳಗೆ ಒದ್ದೆ ಗೋಣಿಚೀಲ ಕಟ್ಟಿ ನೋಡಿದೆ, ತಣ್ಣಗೆ ಚೆನ್ನಾಗೇ ಆಯಿತು. ಭೀಮ ಹೊಟ್ಟೆ ಚಾಚಿ ಗೊರಕೆ ಹೊಡೆದ. ರಾಣಿ ಮಾತ್ರ ಕೆಳಗೆ ನುಗ್ಗಿ ಚೀಲವನ್ನು ಎಳೆ ಎಳೆ ಮಾಡಿ ಇಟ್ಟಳು. ಅಕ್ಕಿ ಮಿಲ್ಲಿನ ಹರಕು ಚೀಲ, ಹತ್ತು ರೂಪಾಯಿದು, ಹೋದರೆ ಹೋಗಲಿ. ಅದನ್ನೇ ಸುತ್ತಿ ಹಗ್ಗ ಬಿಗಿದರೆ ಎಳೆದಾಡಲು ಅಂಗಡಿಯ ಆರುನೂರು ರೂಪಾಯಿ ಆಟಿಕೆಗಿಂತ ಗಟ್ಟಿ.

ಮಿಂಚುವಿಗೆ ಲಿವರ್ ಅಷ್ಟಕ್ಕಷ್ಟೇ. ಅವನದು ಕಣ್ಣಿನ ಬೇಟೆ, ಓಡುವ ವಸ್ತು ಬೇಕು. ಉದ್ದ ಬಿದಿರಿಗೆ ಹಗ್ಗ, ತುದಿಗೆ ಗೋಣಿ ಚಿಂದಿ ಕಟ್ಟಿ ಅರ್ಧ ನಿಮಿಷ ಸುತ್ತಿಸಿದರೆ ಹೊರಸಿನ ಮೇಲೆ ಐದು ನಿಮಿಷ ಕಾದದ್ದಕ್ಕೆ ಕೂಲಿ ಸಂದಂತೆ.

ಹೋದ ತಿಂಗಳು ಮಾವ ಬಂದಿದ್ದರು. ಭೀಮ, ಮಿಂಚು ಹೊರಸಿನ ಮೇಲೆ, ರಾಣಿ ಕೆಲಸದಲ್ಲಿ. ಹತ್ತು ನಿಮಿಷ ನೋಡಿ "ಔಷಧ ಏನಾರ ಹಾಕಿಯೇನಪಾ?" ಅಂದರು. ನಾನು ಮೀಸೆ ತಿರುವುವಷ್ಟರಲ್ಲಿ ಪಕ್ಕದ ಮನೆಯ ಆಡಿನ ಮರಿ ಗೇಟಿನ ಸಂದಿಯಿಂದ ಒಳಗೆ ಬಂತು. ರಾಣಿ ನಿಂತಲ್ಲೇ ನಿಂತಳು. ಭೀಮನ ಹೊರಸು ಒಂದು ಸಲ ಕಿರ್ರ್ ಅಂತು, ಅಷ್ಟೇ. ಮಿಂಚುವಿನ ಹೊರಸು ಖಾಲಿ. ಮರಿ ವಾಪಸ್ಸು ನುಸುಳಿತು, ಅವನು ಕಾಂಪೌಂಡು ಹಾರಿದ್ದ. ಪುಣ್ಯಕ್ಕೆ ಮರಿ ದನದ ಕೊಟ್ಟಿಗೆ ಸೇರಿಕೊಂಡು ಬಚಾವಾಯಿತು.

ಈಗ ದಿನಾ ಬೆಳಿಗ್ಗೆ ಅದೇ ಮರಿಯನ್ನು ಬಾಡಿಗೆಗೆ ತರುತ್ತಿದ್ದೇನೆ. ಗೇಟಿನ ಆಚೆ ಇಪ್ಪತ್ತು ಅಡಿ ದೂರ ಕಟ್ಟಿ, ಮಿಂಚುವನ್ನು ಹಗ್ಗ ಹಾಕಿ ಹೊರಸಿನ ಮೇಲೆ ಹತ್ತಿಸಿ, ಹತ್ತು ಸೆಕೆಂಡಿನಿಂದ ಮತ್ತೆ ಶುರು. ಆಡಿನ ಯಜಮಾನಮ್ಮ ದಿನಕ್ಕೆ ಐವತ್ತು ರೂಪಾಯಿ ಕೇಳುತ್ತಾಳೆ, ಮೇವು ಬೇರೆ.